ನಿಸರ್ಗಾಧ್ಯಯನ ಮತ್ತು ಚಿತ್ರಶಿಕ್ಷಣ: ಶಾಂತಿನಿಕೇತನದ ಕಲಾಭವನ

ಭಾರತದ ಕಲಾಶಿಕ್ಷಣದ ಚರಿತ್ರೆಯನ್ನು ವಿವೇಚಿಸುವಾಗ, ಬ್ರಿಟಿಷರು ಸ್ಥಾಪಿಸಿದ ಶಾಲೆಗಳಲ್ಲಿ ನಕಲು ನಡೆಯುತ್ತಿದ್ದಿತು, ಶಾಂತಿನಿಕೇತನದಲ್ಲಿ ನಿಸರ್ಗವೇ ಗುರುವಾಯಿತು ಎಂದು ಹೇಳುವುದು ವಾಡಿಕೆ. ಈ ಮಾತು ಸ್ಥೂಲವಾಗಿ ಸತ್ಯ. ಆದರೆ ಎರಡು ಪದ್ಧತಿಗಳ ನಿಜವಾದ ಅಂತರವು ಬೇರೆಡೆಯಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಮದ್ರಾಸಿನಲ್ಲಿ 1850ರಲ್ಲಿ, ಕಲ್ಕತ್ತೆಯಲ್ಲಿ 1854ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ಕಲಾಶಾಲೆಗಳು ಆರಂಭವಾದುವು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನ ಪಾಠಕ್ರಮವು ಇವುಗಳ ಮೇಲೆ ಗಾಢವಾದ ಪ್ರಭಾವವನ್ನು ಬೀರಿತು. ರೇಖಾಗಣಿತದ ಅಭ್ಯಾಸ, ಯೂರೋಪಿನ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ಬರೆಯುವುದು ಇದರ ಮುಖ್ಯಾಂಗಗಳು. ಆ ಕ್ರಮದಲ್ಲಿ ಎಲೆ ಹೂಗಳಿಗೆ ಸ್ಥಾನವಿರಲಿಲ್ಲವೆಂದಲ್ಲ. ಆದರೆ ಅವು ಅಲಂಕಾರವಿನ್ಯಾಸಕ್ಕೆ ಒದಗುವ ಸಾಮಗ್ರಿಯಾಗಿದ್ದುವು. ಎಲೆಯಿದ್ದಿತು, ಮರವಿರಲಿಲ್ಲ ಎಂದರೆ ತಪ್ಪಾಗಲಾರದು.

ಇತ್ತ ನವೀನ ಪಂಥದವರೂ ನಕಲನ್ನು ಬಿಟ್ಟವರಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ನಂದಲಾಲ ಬಸು (1882–1966) ಮತ್ತು ಮೈಸೂರು ಸಂಸ್ಥಾನದಿಂದ ಹೋಗಿದ್ದ ಕೆ. ವೆಂಕಟಪ್ಪ (1886–1965) ಇಬ್ಬರೂ ಶ್ರೀಮತಿ ಹೆರಿಂಗ್‌ಹ್ಯಾಮರಿಗೆ ನೆರವಾಗಿ ಅಜಂತೆಯ ಭಿತ್ತಿಚಿತ್ರಗಳ ಪ್ರತಿಗಳನ್ನು ತೆಗೆದವರು. ಮುಂದೆ ವೆಂಕಟಪ್ಪನವರು ಉದಕಮಂಡಲದ ಮಂಜು, ಬೆಟ್ಟಗಳನ್ನು ಜಲವರ್ಣದಲ್ಲಿ ಚಿತ್ರಿಸಿದರು. ಪರಂಪರೆಯ ಅಭ್ಯಾಸವು ಪ್ರಕೃತಿವೀಕ್ಷಣೆಗೆ ಅಡ್ಡಿಯಾಗಬೇಕಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಕಲಾಭವನವು 1919ರಲ್ಲಿ ಸ್ಥಾಪಿತವಾಯಿತು. 1922ರಲ್ಲಿ ನಂದಲಾಲರು ಅದರ ಮುಖ್ಯಸ್ಥರಾದರು. ಪ್ರಕೃತಿ, ಪರಂಪರೆ, ಸ್ವೋಪಜ್ಞತೆ ಎಂಬ ಮೂರೂ ಕೂಡಿದಾಗಲೇ ಕಲೆಯೆಂಬ ಜಪಾನೀ ವಿದ್ವಾಂಸ ಒಕಾಕುರಾರ ವಿಚಾರವು ಅವರ ಬೋಧನೆಗೆ ಆಧಾರವಾಗಿದ್ದಿತು. ವಿದ್ಯಾರ್ಥಿಗಳು ಕೆಮ್ಮಣ್ಣಿನ ಕೊರಕಲುಗಳಿಗೆ, ಕೋಪಾಯಿ ನದಿಯ ದಡಕ್ಕೆ, ಸಂತಾಲರ ಹಳ್ಳಿಗಳಿಗೆ ಹೋಗಿ ರೇಖಾಚಿತ್ರಗಳನ್ನು ಬರೆಯುತ್ತಿದ್ದರು. ಮರದ ಹೊರರೂಪಕ್ಕಿಂತಲೂ ಅದು ನಿಂತಿರುವ ಬಗೆ, ಬೆಳೆದ ಗತಿ ಇವುಗಳನ್ನು ಗ್ರಹಿಸುವುದು ಮುಖ್ಯವೆಂದು ನಂದಲಾಲರು ತಿಳಿಸುತ್ತಿದ್ದರು. ತಾವೂ ಕಂಡದ್ದನ್ನು ಅಂಚೆಕಾರ್ಡುಗಳ ಮೇಲೆ ಬರೆಯುತ್ತಿದ್ದ ಆ ಗುರುಗಳು, ಈ ವಿಷಯದಲ್ಲಿ ಶಿಷ್ಯರೊಡನೆ ಸಹಾಧ್ಯಾಯಿಯಾಗಿದ್ದರು.

ಇದರ ಫಲವನ್ನು ವಿನೋದವಿಹಾರಿ ಮುಖರ್ಜಿಯವರಲ್ಲಿ (1904–1980) ಕಾಣಬಹುದು. ಅವರಿಗೆ ಬಾಲ್ಯದಿಂದಲೇ ಒಂದು ಕಣ್ಣು ಕಾಣದು. ಇನ್ನೊಂದರ ದೃಷ್ಟಿ ಬಹಳ ಮಂದ. ಅಚ್ಚಿನೊಡನೆ ರೇಖೆಯನ್ನು ತಾಳೆನೋಡುವ ಪರೀಕ್ಷೆಯಲ್ಲಿ ಇಂತಹ ವಿದ್ಯಾರ್ಥಿಯ ಗತಿ ಏನಾಗುತ್ತಿದ್ದಿತೆಂದು ಊಹಿಸಬಹುದು. ಅವರೇ 1940ರಲ್ಲಿ ಕಲಾಭವನದ ವಿದ್ಯಾರ್ಥಿನಿಲಯದ ಒಳಚಾವಣಿಯ ಮೇಲೆ ಬೀರಭೂಮಿಯ ಜೀವನವನ್ನು ಚಿತ್ರಿಸಿದರು. ನಡುವೆ ಕೊಳ, ಸುತ್ತಲೂ ಮರ, ಗುಡಿಸಲು, ದನಕರು, ಜನ. ಇದಕ್ಕೆಲ್ಲ ಏಕೈಕ ದಿಗಂತವಿಲ್ಲ. ಒಂದೆಡೆ ನಿಂತು ಕಂಡ ದೃಶ್ಯವಲ್ಲ ಇದು, ಬಹುಕಾಲ ಓಡಾಡಿ ಅರಿತ ನೆಲ.

ಆದುದರಿಂದ ಎರಡು ಪದ್ಧತಿಗಳ ಭೇದವು ನಕಲು ಮತ್ತು ನಿಸರ್ಗಗಳ ಭೇದವಲ್ಲ, ಪ್ರಾಮಾಣ್ಯದ ಭೇದ. ಒಂದರಲ್ಲಿ ಸರಿಯುತ್ತರವು ಅಧ್ಯಾಪಕನ ಬಳಿ ಮೊದಲೇ ಸಿದ್ಧವಾಗಿರುತ್ತದೆ. ಇನ್ನೊಂದರಲ್ಲಿ ಗುರುಶಿಷ್ಯರಿಬ್ಬರೂ ಅದನ್ನು ಮರದ ಮುಂದೆ ನಿಂತು ಅರಸಬೇಕಾಗುತ್ತದೆ. ಟಿಪ್ಪಣಿಗಳನ್ನು ಹೇಳಿ ಬರೆಯಿಸುವ ನಮ್ಮಂತಹ ಚರಿತ್ರೆಯ ಅಧ್ಯಾಪಕರಿಗೂ ಈ ವಿಚಾರವು ಅಪ್ರಸ್ತುತವಲ್ಲ.