‘ಕುಂಕುಮ’: ಒಂದು ಪದದ ಅರ್ಥಪಲ್ಲಟ

‘ಕುಂಕುಮ’ವೆಂಬ ಪದದ ಅರ್ಥವನ್ನು ಕನ್ನಡಿಗರಾರೂ ನಿಘಂಟಿನಲ್ಲಿ ಹುಡುಕುವುದಿಲ್ಲ. ಹಣೆಗಿಡುವ ಕೆಂಪು ಪುಡಿ ಎಂಬ ಅರ್ಥ ನಮಗೆ ಅಷ್ಟು ಪರಿಚಿತ. ಆದರೆ ಈ ಅತಿಪರಿಚಯವೇ ಪ್ರಾಚೀನ ಕಾವ್ಯ, ಶಾಸನಗಳ ಅಧ್ಯಯನದಲ್ಲಿ ತೊಡಕಾಗುವುದುಂಟು. ಹಳೆಯ ಗ್ರಂಥದಲ್ಲಿ ಈ ಪದ ಕಂಡೊಡನೆ ಇಂದಿನ ಪುಡಿಯನ್ನೇ ಊಹಿಸಿ, ಅದರ ಆಧಾರದಿಂದ ಆಚಾರದ ಪ್ರಾಚೀನತೆಯನ್ನು ನಿರ್ಣಯಿಸುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧

ಸಂಸ್ಕೃತದಲ್ಲಿ ಕುಂಕುಮವೆಂದರೆ ಮೂಲತಃ ಕೇಸರಿ. ಒಂದು ಬಗೆಯ ನೇರಿಳೆ ಹೂವಿನ ನಡುವಿನ ಮೂರು ಕೆಂಪು ಎಳೆಗಳು. ಅಮರಕೋಶವು ಇದಕ್ಕೆ ನೀಡುವ ಪರ್ಯಾಯಪದಗಳು ಗಮನಾರ್ಹವಾಗಿವೆ. ‘ಕಾಶ್ಮೀರಜನ್ಮ’, ‘ಬಾಹ್ಲೀಕ’ ಎಂಬ ಪದಗಳು ವಸ್ತು ದೊರೆಯುತ್ತಿದ್ದ ದೇಶಗಳನ್ನು ಹೇಳುತ್ತವೆ. ‘ಅಗ್ನಿಶಿಖ’, ‘ರಕ್ತ’, ‘ಲೋಹಿತಚಂದನ’ ಎಂಬವು ಕೆಂಪನ್ನು ಸೂಚಿಸಿದರೆ ‘ಪೀತನ’ ಎಂಬುದು ಹಳದಿಯನ್ನು ಸೂಚಿಸುತ್ತದೆ. ಎಳೆ ಕೆಂಪು, ನೀರಿನಲ್ಲಿ ಬಿಡುವ ಬಣ್ಣ ಹಳದಿ. ಈ ಎರಡು ಬಣ್ಣಗಳ ಸಂಬಂಧ ಪದದ ಮುಂದಿನ ಚರಿತ್ರೆಯಲ್ಲಿಯೂ ಮುಂದುವರಿಯುವುದನ್ನು ಕಾಣಲಿದ್ದೇವೆ.

ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ, ರಘುವಿನ ಕುದುರೆಗಳು ಹೆಗಲಿಗಂಟಿದ ಕುಂಕುಮದ ಕೇಸರಗಳನ್ನು ಕೊಡವಿದುದನ್ನು ಉತ್ತರದ ದಿಗ್ವಿಜಯದ ಸಂದರ್ಭದಲ್ಲಿ ವರ್ಣಿಸಿದ್ದಾನೆ. 12ನೆಯ ಶತಮಾನದ ಕಲ್ಹಣನು ಕಾಶ್ಮೀರದ ಹಿರಿಮೆಯನ್ನು ಎಣಿಸುವಾಗ ವಿದ್ಯೆ, ಎತ್ತರದ ಮನೆಗಳು, ತಣ್ಣೀರು, ದ್ರಾಕ್ಷಿ ಇವುಗಳೊಡನೆ ಕುಂಕುಮವನ್ನೂ ಸೇರಿಸುತ್ತಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನಕವಿ ಬಿಲ್ಹಣನು ಕಾಶ್ಮೀರದವನು. ಅವನು ವಿಕ್ರಮಾಂಕದೇವಚರಿತದಲ್ಲಿ ಕವಿತೆಯನ್ನೂ ಕುಂಕುಮವನ್ನೂ ಒಂದೇ ನೆಲದ ಒಡಹುಟ್ಟುಗಳೆಂದು ಭಾವಿಸುತ್ತಾನೆ. ಕನ್ನಡ ನಾಡಿನ ರಾಜಸಭೆಯಲ್ಲಿ ಈ ಮಾತಿಗೆ ಅರ್ಥವಿದ್ದುದು ಅಲ್ಲಿ ಕುಂಕುಮವೆಂದರೆ ಕೇಸರಿಯೆಂಬ ತಿಳಿವಳಿಕೆ ಇದ್ದುದರಿಂದಲೇ.

೨

ಕನ್ನಡದ ಆಧಾರಗಳು ಇದನ್ನೇ ಸಮರ್ಥಿಸುತ್ತವೆ. ಶಿಕಾರಿಪುರ ತಾಲೂಕಿನ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ಐನೂರ್ವರು ಮಾರುತ್ತಿದ್ದ ಸರಕುಗಳನ್ನು ಹೇಳುವಾಗ ಕುಂಕುಮವನ್ನು ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳ ಸಾಲಿನಲ್ಲಿ ಇರಿಸಿದೆ. ಅಂದರೆ ಅದು ದೂರದಿಂದ ಬರುತ್ತಿದ್ದ, ಬೆಲೆಬಾಳುವ ಸುಗಂಧದ್ರವ್ಯ. ಚಂಪೂಕಾವ್ಯಗಳಲ್ಲಿ ಕಾಣುವ ‘ಕುಂಕುಮಪಂಕ’, ‘ಕುಂಕುಮರಸ’ ಮುಂತಾದ ಸಮಾಸಗಳೂ ಜಲಕ್ರೀಡೆಯಲ್ಲಿ ಹೆಂಗಳೆಯರ ಮೈಯ ಕುಂಕುಮ ಕರಗಿ ಕೊಳದ ನೀರು ಬಣ್ಣಗೊಳ್ಳುವ ವರ್ಣನೆಗಳೂ ಮೈಗೆ ಪೂಸುವ ಲೇಪನವನ್ನು ಸೂಚಿಸುತ್ತವೆ. ಕಾವ್ಯದ ಕುಂಕುಮಕ್ಕೆ ಒಪ್ಪುವ ಕ್ರಿಯೆ ‘ಪೂಸು’. ಇಂದಿನ ಕುಂಕುಮಕ್ಕೆ ಒಪ್ಪುವುದು ‘ಇಡು’. ಒಂದು ಪದದೊಡನೆ ಬರುವ ಕ್ರಿಯಾಪದ ಬದಲಾದಾಗ ವಸ್ತುವೂ ಬದಲಾಗಿರಬಹುದೆಂದು ಸಂಶಯಿಸುವುದು ಯುಕ್ತ.

ಇದರಿಂದ ಹಣೆಯ ತಿಲಕ ಇತ್ತೀಚಿನದೆಂದು ಸಿದ್ಧವಾಗುವುದಿಲ್ಲ. ತಿಲಕ ಪ್ರಾಚೀನವಾದುದೇ. ಆದರೆ ಅದನ್ನು ಗಂಧ, ಕಸ್ತೂರಿ, ಕೇಸರಿ ಇತ್ಯಾದಿಗಳಿಂದಲೂ ಇಡುತ್ತಿದ್ದರು. ಆಚಾರದ ಪ್ರಾಚೀನತೆ ಬೇರೆ, ದ್ರವ್ಯದ ಪ್ರಾಚೀನತೆ ಬೇರೆ.

೩

ಪದದ ಮೂಲ ಇನ್ನೂ ದೂರಕ್ಕೆ ಒಯ್ಯುತ್ತದೆ. ಹೀಬ್ರೂವಿನ ‘ಕರ್ಕೋಮ್’, ಅರಬ್ಬಿಯ ‘ಕುರ್ಕುಮ್’, ಗ್ರೀಕಿನ ‘ಕ್ರೋಕೋಸ್’ ಎಂಬ ಪದಗಳೊಡನೆ ‘ಕುಂಕುಮ’ಕ್ಕೆ ಸಂಬಂಧವಿದೆಯೆಂದು ಭಾಷಾವಿಜ್ಞಾನಿಗಳು ಭಾವಿಸಿದ್ದಾರೆ. ಕೇಸರಿಯ ಗಿಡವು ಗ್ರೀಸ್ ಪ್ರದೇಶದ ಕಾಡುಜಾತಿಯೊಂದರಿಂದ ಬಂದುದೆಂದು 2019ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಗಿಡದೊಡನೆ ಹೆಸರೂ ಪಶ್ಚಿಮದಿಂದ ಬಂದಿರುವ ಸಂಭವವೇ ಹೆಚ್ಚು.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಅರಬ್ಬಿಯ ‘ಕುರ್ಕುಮ್’ ಅರಿಸಿನಕ್ಕೂ ಸಲ್ಲುವ ಪದ. ಅದರಿಂದ ಲ್ಯಾಟಿನ್ನಿನ ‘ಕರ್ಕ್ಯೂಮ’ ಹುಟ್ಟಿತು. 1753ರಲ್ಲಿ ಲಿನೇಯಸ್ ಅರಿಸಿನದ ಕುಲಕ್ಕೆ ಅದೇ ಹೆಸರನ್ನು ಇಟ್ಟನು. ಹೀಗೆ ಅತ್ತ ಪಶ್ಚಿಮದಲ್ಲಿಯೂ ಇತ್ತ ನಮ್ಮಲ್ಲಿಯೂ, ಪರಸ್ಪರ ಸಂಬಂಧವಿಲ್ಲದೆ, ಕೇಸರಿಯ ಹೆಸರು ಅರಿಸಿನದ ಕಡೆಗೆ ಸರಿದಿದೆ. ಬೆಲೆಯುಳ್ಳ ವಸ್ತುವಿನ ಬಣ್ಣವನ್ನು ಅಗ್ಗದ ವಸ್ತು ಕೊಡಬಲ್ಲುದಾದಾಗ ಹೆಸರೂ ಅದಕ್ಕೆ ಸಲ್ಲುವುದು ಸಹಜ.

ಸಾಂಪ್ರದಾಯಿಕ ಕುಂಕುಮದ ಮೂಲದ್ರವ್ಯ ಅರಿಸಿನವೇ. ಅರಿಸಿನಕ್ಕೆ ಸುಣ್ಣ ಸೇರಿಸಿ, ಇಲ್ಲವೇ ಅರಿಸಿನದ ಕೊಂಬಿನ ಚೂರುಗಳನ್ನು ನಿಂಬೆಯ ರಸ, ಬಿಳಿಗಾರ, ಪಟಿಕಗಳಲ್ಲಿ ನೆನೆಯಿಸಿ ಒಣಗಿಸಿ ಕುಟ್ಟಿ, ಅದನ್ನು ಸಿದ್ಧಪಡಿಸುತ್ತಾರೆ. ಅರಿಸಿನದ ವರ್ಣದ್ರವ್ಯವು ಕ್ಷಾರದ ಸಂಪರ್ಕದಿಂದ ಕೆಂಪಾಗುತ್ತದೆ. ಆಮ್ಲದ ಸನ್ನಿಧಿಯಲ್ಲಿ ಬಿಳಿಗಾರದ ಬೋರಾನಿನೊಡನೆ ಕೂಡಿದಾಗಲೂ ಕೆಂಪು ಸಂಯುಕ್ತವನ್ನೇ ಕೊಡುತ್ತದೆ. ಆರತಿಯ ಕೆಂಪು ನೀರನ್ನೂ ಓಕುಳಿಯನ್ನೂ ಕಲಸುವ ಗೃಹಿಣಿಯರಿಗೆ ಅರಿಸಿನ-ಸುಣ್ಣಗಳ ಈ ಗುಣ ಚೆನ್ನಾಗಿ ಗೊತ್ತು. ಕೇಸರಿಯಲ್ಲಿ ಕೆಂಪು ಹಳದಿಯಾಗುತ್ತದೆ. ಅರಿಸಿನದಲ್ಲಿ ಹಳದಿ ಕೆಂಪಾಗುತ್ತದೆ.

೪

ಹೊರನಾಡಿನ ಸಂಶೋಧಕರಿಗೆ ಈ ಪಲ್ಲಟದ ಸಾಕ್ಷ್ಯ ನೆರೆಯಲ್ಲಿಯೇ ದೊರೆಯುತ್ತದೆ. ಚೆನ್ನೈಯಲ್ಲಿ ‘ಕುಂಗುಮಂ’ ಎಂದರೆ ಕೆಂಪು ಪುಡಿ, ‘ಕುಂಗುಮಪ್ಪೂ’ ಎಂದರೆ ಕೇಸರಿ. ಹೈದರಾಬಾದಿನ ತೆಲುಗಿನಲ್ಲಿಯೂ ‘ಕುಂಕುಮ’, ‘ಕುಂಕುಮ ಪುವ್ವು’ ಎಂಬ ಭೇದವಿದೆ. ಮೂಲಾರ್ಥಕ್ಕೆ ಈಗ ‘ಹೂವು’ ಎಂಬ ವಿಶೇಷಣ ಬೇಕಾಗಿದೆ. ಹೊಸ ಅರ್ಥಕ್ಕೆ ಅದು ಬೇಡ. ಕನ್ನಡದಲ್ಲಿ ಮೂಲಾರ್ಥವನ್ನು ‘ಕೇಸರಿ’ ಎಂಬ ಪದ ಬಹುಮಟ್ಟಿಗೆ ವಹಿಸಿಕೊಂಡಿದೆ. ಪುಣೆ-ಮುಂಬಯಿಗಳ ಮರಾಠಿಯಲ್ಲಿ ‘ಕುಂಕೂ’ ಎಂಬ ತದ್ಭವದ ಜೊತೆಗೆ ‘ಪಿಂಜರ್’ ಎಂಬ ಮಾತೂ ಇದೆ. ಸಂಸ್ಕೃತದ ‘ಪಿಂಜರ’ ಕೆಂಪುಮಿಶ್ರಿತ ಹಳದಿಯ ಹೆಸರೆಂಬುದನ್ನು ಇಲ್ಲಿ ನೆನೆಯಬಹುದು.

ದೆಹಲಿಯ ಕಡೆಯ ‘ಸಿಂದೂರ’ವನ್ನು ಇದರೊಡನೆ ಬೆರೆಸಬಾರದು. ಸಿಂದೂರ ಮೂಲತಃ ಸೀಸದ ಕೆಂಪು ಭಸ್ಮ. ಇಂಗಲೀಕ ಪಾದರಸದ ಅದಿರು. ಇವೆರಡೂ ಖನಿಜಗಳು; ಕೇಸರಿ, ಅರಿಸಿನಗಳು ಸಸ್ಯಜನ್ಯ. ಅನುವಾದದಲ್ಲಿ ಈ ಮೂರನ್ನೂ ‘ಕುಂಕುಮ’ವೆಂದು ಬರೆದರೆ ವ್ಯಾಪಾರ, ವೈದ್ಯ, ಆಚಾರ ಈ ಮೂರರ ಚರಿತ್ರೆಯೂ ಕಲುಷಿತವಾಗುತ್ತದೆ.

ಆದುದರಿಂದ ಹಳಗನ್ನಡ ಕಾವ್ಯ, ಶಾಸನಗಳಲ್ಲಿ ‘ಕುಂಕುಮ’ ಬಂದಾಗ, ಸಂದರ್ಭವು ಬೇರೆಯದನ್ನು ಸಾಧಿಸದ ಹೊರತು, ಕೇಸರಿಯೆಂದೇ ಗ್ರಹಿಸುವುದು ಕ್ಷೇಮ. ಪುಡಿಯೆಂಬ ಅರ್ಥವನ್ನು ಹೇಳಬೇಕಾದರೆ ಅರಿಸಿನದ ಸಾಹಚರ್ಯ, ಕ್ರಿಯಾಪದ, ಬೆಲೆ ಇವುಗಳ ಆಧಾರವನ್ನು ಒದಗಿಸಬೇಕು. ಪದ ಒಂದೇ ಆಗಿ ಉಳಿದಿದೆಯೆಂದು ವಸ್ತುವೂ ಒಂದೇ ಆಗಿ ಉಳಿದಿದೆಯೆಂದು ಭಾವಿಸಲಾಗದು.