ಮಟ್ಟುಗುಳ್ಳ: ಬೆಳೆ ಮತ್ತು ಬೆಳೆಗಾರರ ಚರಿತ್ರೆ

ಮಟ್ಟುಗುಳ್ಳ ಎಂಬುದು ಉಡುಪಿ ಜಿಲ್ಲೆಯ ಕಟಪಾಡಿ ಸಮೀಪದ ಮಟ್ಟು ಗ್ರಾಮ ಮತ್ತು ಅದರ ಆಸುಪಾಸಿನಲ್ಲಿ ಬೆಳೆಯುವ ಬದನೆ ತಳಿ. ಕಾಯಿ ದುಂಡಗೆ, ತಿಳಿಹಸಿರು, ಸಿಪ್ಪೆ ತೆಳು, ತೊಟ್ಟಿನಲ್ಲಿ ಮುಳ್ಳು. ಮಟ್ಟುವಿನ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಪಿನಾಕಿನಿ ಹೊಳೆ. ನಡುವಿನ ಮರಳುಮಿಶ್ರಿತ ಗದ್ದೆಗಳಲ್ಲಿ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಗುಳ್ಳದ ಸಸಿ ನೆಡುತ್ತಾರೆ. ಬೇಸಿಗೆಯವರೆಗೂ ಕಾಯಿ ಸಿಗುತ್ತದೆ. ಇಷ್ಟು ಸಣ್ಣ ಪಟ್ಟಿಯಲ್ಲಿ, ಉಪ್ಪುನೀರಿನ ಪಕ್ಕದಲ್ಲೇ ಈ ತಳಿ ಇಂದಿಗೂ ಉಳಿದಿದ್ದರೆ ಅದರ ಹಿರಿಮೆ ಮುಖ್ಯವಾಗಿ ಊರಿನ ಬೆಳೆಗಾರರದು.

ಸೋದೆ ಮಠದ ಯತಿ ವಾದಿರಾಜರು (ಸಂಪ್ರದಾಯದ ಪ್ರಕಾರ 1480–1600) ಮಟ್ಟುವಿನವರಿಗೆ ಇದರ ಬೀಜ ಕೊಟ್ಟರೆಂಬುದು ಐತಿಹ್ಯ. ಅವರ ಆರಾಧ್ಯದೈವ ಹಯಗ್ರೀವನ ನೈವೇದ್ಯಕ್ಕೆ ಯಾರೋ ವಿಷ ಬೆರೆಸಿದ್ದರೆಂದೂ, ಬಣ್ಣಗೆಟ್ಟ ಮೂರ್ತಿ ಗುಳ್ಳದ ನೈವೇದ್ಯದಿಂದ ಮೊದಲಿನಂತಾಯಿತೆಂದೂ ಕತೆ ಹೇಳುತ್ತದೆ. ಈ ನಂಬಿಕೆಯಿಂದ ಬೆಳೆಗೆ ದೊಡ್ಡ ಉಪಕಾರವೇ ಆಗಿದೆ. ಮೊದಲ ಫಸಲನ್ನು ಉಡುಪಿಯ ಕೃಷ್ಣಮಠಕ್ಕೆ ಒಪ್ಪಿಸುವ ವಾಡಿಕೆ ಬೆಳೆಯಿತು. ಎರಡು ವರ್ಷಕ್ಕೊಮ್ಮೆ ಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯದ ಅಡುಗೆಯಲ್ಲಿ ಗುಳ್ಳದ ಹುಳಿಗೆ ಸ್ಥಾನ ಸಿಕ್ಕಿತು. ದೂರದ ಪೇಟೆಯನ್ನು ನೆಚ್ಚದೆ ಬದುಕುವ ದಾರಿ ಬೆಳೆಗೆ ಹೀಗೆ ದೊರೆಯಿತು. ಬೀಜಕ್ಕಾಗಿ ಅಂಗಡಿಗೆ ಹೋಗುವ ಪ್ರಶ್ನೆಯೂ ಇರಲಿಲ್ಲ. ಒಳ್ಳೆಯ ಕಾಯಿಗಳನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು ಒಣಗಿಸಿ ಮುಂದಿನ ವರ್ಷಕ್ಕೆ ಇಡುತ್ತಿದ್ದರು. ತಳಿಯನ್ನು ಕಾಪಾಡಿದ ಈ ಆಯ್ಕೆಯ ಕೆಲಸಕ್ಕೆ ಯಾರ ಹೆಸರೂ ಅಂಟಿಕೊಂಡಿಲ್ಲ.

ಬೀಜ ಕೈಯಲ್ಲಿದ್ದರೂ ನೆಲ ತಮ್ಮದಲ್ಲದಿದ್ದರೆ ಬೆಳೆಯ ಪಾಲು ದಣಿಗಳಿಗೆ ಹೋಗುತ್ತದೆ. ಕರಾವಳಿಯಲ್ಲಿ ಗೇಣಿ ಪದ್ಧತಿ ಬಹಳ ಆಳವಾಗಿ ಬೇರೂರಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಡುಪಿಯೂ ಸೇರಿದ್ದ ಅವಿಭಜಿತ ದಕ್ಷಿಣ ಕನ್ನಡದ ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿ ಭೂಮಿಯ ಹಕ್ಕು ಕೋರಿ ಡಿಕ್ಲರೇಷನ್ ಸಲ್ಲಿಸಿ ಭೂಮಾಲಿಕರಾದರು. ಕರಾವಳಿಯ ಸಣ್ಣ ಹಿಡುವಳಿಯ ತರಕಾರಿ ಬೇಸಾಯದ ಚರಿತ್ರೆಯನ್ನು ಈ ಬದಲಾವಣೆಯನ್ನು ಬಿಟ್ಟು ಬರೆಯಲಾಗದು.

ತಳಿಯ ಒಡೆತನದ ಪ್ರಶ್ನೆ ಎದ್ದದ್ದು ಕುಲಾಂತರಿ ಬಿಟಿ ಬದನೆಯ ಕಾಲದಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಬಿಟಿ ಜೀನ್ ಸೇರಿಸಲು ಆರಿಸಿಕೊಂಡ ಕರ್ನಾಟಕದ ಸ್ಥಳೀಯ ತಳಿಗಳಲ್ಲಿ ಉಡುಪಿ ಗುಳ್ಳವೆಂಬ ಹೆಸರಿನಲ್ಲಿ ಇದೂ ಇತ್ತು. ಉಡುಪಿಯಲ್ಲಿ ಇದಕ್ಕೆ ವಿರೋಧ ಎದ್ದಿತು. ದೇಶದ ಏಳು ನಗರಗಳಲ್ಲಿ ಸಾರ್ವಜನಿಕ ಅಭಿಪ್ರಾಯ ಕೇಳಿದ ಮೇಲೆ, 2010ರ ಫೆಬ್ರವರಿ 9ರಂದು ಅಂದಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಬಿಟಿ ಬದನೆಯ ವಾಣಿಜ್ಯ ಬೇಸಾಯಕ್ಕೆ ತಡೆ ಘೋಷಿಸಿದರು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್, ಸ್ಥಳೀಯ ತಳಿಗಳನ್ನು ಬಳಸುವ ಮುನ್ನ 2002ರ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆದಿಲ್ಲವೆಂದು ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ತಲೆಮಾರುಗಳಿಂದ ತಳಿ ಉಳಿಸಿದವರನ್ನು ಒಂದು ಮಾತೂ ಕೇಳದೆ ಅದನ್ನು ಒಯ್ಯಬಹುದೇ ಎಂಬ ಈ ಪ್ರಶ್ನೆ ನ್ಯಾಯವಾದದ್ದು.

2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚ್ಯಂಕ (ಜಿಐ) ಮಾನ್ಯತೆ ದೊರೆಯಿತು. ಟ್ರೇಡ್‌ಮಾರ್ಕಿನಂತೆ ಇದು ಒಬ್ಬ ವ್ಯಾಪಾರಿಯ ಸೊತ್ತಾಗದು. ಆ ಪ್ರದೇಶದ ಬೆಳೆಗಾರರೆಲ್ಲರಿಗೂ ಹೆಸರಿನ ಹಕ್ಕು ಸೇರುತ್ತದೆ. ಬೆಳೆಗಾರರು ಸಂಘ ಕಟ್ಟಿಕೊಂಡು, ಕಾಯಿಗಳನ್ನು ಒಂದೆಡೆ ತಂದು ವಿಂಗಡಿಸಿ, ಗುರುತಿನ ಸ್ಟಿಕ್ಕರ್ ಹಚ್ಚಿ ಮಾರತೊಡಗಿದರು. ಬೇರೆಡೆಯ ಕಾಯಿಯನ್ನು ಇದೇ ಹೆಸರಲ್ಲಿ ಮಾರುವುದನ್ನು ತಡೆಯಲು, ಸಣ್ಣ ಬೆಳೆಗಾರನಿಗೂ ದೊಡ್ಡವನ ದರವೇ ಸಿಗುವಂತೆ ಮಾಡಲು ಇದಕ್ಕಿಂತ ಸರಳ ಉಪಾಯವಿಲ್ಲ.

ಹವಾಮಾನದ ಏರುಪೇರಿಗೆ ಮಾತ್ರ ಜಿಐ ಪತ್ರ ಉತ್ತರವಾಗದು. ಮಳೆ ತಡವಾಗಿ ಹಿಂದೆಗೆದರೆ ಗದ್ದೆ ಆರುವುದಿಲ್ಲ, ನಾಟಿ ಮುಂದೆ ಹೋಗುತ್ತದೆ. ನವೆಂಬರ್‌ನ ಅಕಾಲಿಕ ಮಳೆಗೆ ಹೂವು ಉದುರುತ್ತದೆ, ಎಳೆಗಿಡ ಕೊಳೆಯುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಭರತದ ಉಪ್ಪುನೀರು ಮೇಲೇರಿ ಬಾವಿಗಳನ್ನೂ ಗದ್ದೆಗಳನ್ನೂ ಸೇರುತ್ತದೆ. ಕರಾವಳಿಯ ರೂಢಿಯ ಪರಿಹಾರವೆಂದರೆ ಕಿಂಡಿ ಅಣೆಕಟ್ಟು: ಮಳೆಗಾಲ ಮುಗಿದೊಡನೆ ಕಿಂಡಿಗಳಿಗೆ ಹಲಗೆ ಹಾಕಿ, ನಡುವೆ ಮಣ್ಣು ತುಂಬಿ, ಸಿಹಿನೀರನ್ನು ಒಳಗೆ ನಿಲ್ಲಿಸಿ ಉಪ್ಪುನೀರನ್ನು ಹೊರಗೇ ತಡೆಯುವುದು. ಹಲಗೆ ಒಂದೆರಡು ವಾರ ತಡವಾದರೂ ಉಪ್ಪು ಒಳಹೊಕ್ಕಿರುತ್ತದೆ. ಕಟ್ಟಲು ಸರ್ಕಾರದ ಹಣ ಬರುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಹಲಗೆ ಇಳಿಸಲು, ಸೋರಿಕೆ ನೋಡಿಕೊಳ್ಳಲು, ಮಳೆ ಬರುವ ಮುನ್ನ ಎತ್ತಲು ದಂಡೆಯ ಗದ್ದೆಗಳವರೇ ಒಟ್ಟಾಗಬೇಕು. ಪಂಚಾಯತ್ ಅವರ ಜೊತೆ ನಿಲ್ಲಬೇಕು.