ಸಹ್ಯಾದ್ರಿ ಶಿಖರಾರೋಹಣ (ಕರ್ನಾಟಕ)

ಕರ್ನಾಟಕದೊಳಗಿನ ಪಶ್ಚಿಮಘಟ್ಟದ ಅತಿ ಎತ್ತರದ ಶಿಖರಗಳನ್ನು ಒಂದನ್ನೂ ಬಿಡದೆ ಹತ್ತಿ ಮುಗಿಸುವ ಹವ್ಯಾಸ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖ, ಕಲ್ಲತ್ತಿಗಿರಿ, ತಡಿಯಂಡಮೋಳ್, ಪುಷ್ಪಗಿರಿ (ಕುಮಾರಪರ್ವತ) ಮತ್ತು ಬ್ರಹ್ಮಗಿರಿ ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು. ಈ ನಾಡಿನಲ್ಲಿ ಬೆಟ್ಟ ಹತ್ತುವ ರೂಢಿ ಬಹಳ ಹಳೆಯದು. ಎತ್ತರದ ಲೆಕ್ಕ ಹಿಡಿದು ಹತ್ತುವುದು ಮಾತ್ರ ಈಚಿನದು. ಪಟ್ಟಿ ಯಾರದು, ಅಳತೆ ಯಾರದು ಎಂಬ ಪ್ರಶ್ನೆ ಈ ಹವ್ಯಾಸದ ಜೊತೆಗೇ ಹುಟ್ಟಿದೆ. ಅದಕ್ಕೆ ಇಂದಿಗೂ ಒಂದೇ ಉತ್ತರವಿಲ್ಲ.

ಪಟ್ಟಿ ಮಾಡಿ ಹತ್ತುವ ಪದ್ಧತಿಗೆ ಯೂರೋಪಿನಲ್ಲಿ ಖಚಿತ ರೂಪ ಬಂದದ್ದು ಸ್ಕಾಟ್ಲೆಂಡಿನಲ್ಲಿ. 1891ರಲ್ಲಿ ಹ್ಯೂ ಮನ್ರೊ ಅಲ್ಲಿನ 3,000 ಅಡಿಗಿಂತ ಎತ್ತರದ ಬೆಟ್ಟಗಳ ಕೋಷ್ಟಕ ಪ್ರಕಟಿಸಿದ. ಅವನ್ನೆಲ್ಲ ಮೊದಲು ಹತ್ತಿ ಮುಗಿಸಿದ ಖ್ಯಾತಿ 1901ರಲ್ಲಿ ಎ. ಇ. ರಾಬರ್ಟ್‌ಸನ್ ಎಂಬ ಪಾದ್ರಿಗೆ ಸಂದಿತು. ಮನ್ರೊ 1919ರಲ್ಲಿ ತೀರಿಕೊಂಡಾಗ ಅವನ ಪಟ್ಟಿ ಅವನಿಂದಲೇ ಪೂರ್ತಿಯಾಗಿರಲಿಲ್ಲ. ಆಲ್ಪ್ಸ್‌ನ 4,000 ಮೀಟರ್ ಶಿಖರಗಳನ್ನು ಆಗಿನ ಎಣಿಕೆಯಂತೆ 1911ರಲ್ಲಿ ಕಾರ್ಲ್ ಬ್ಲೋಡಿಗ್ ಪೂರೈಸಿದ. ಏಳೂ ಖಂಡಗಳ ತುತ್ತತುದಿಗಳನ್ನು ಮೊದಲು ಮುಟ್ಟಿದವನು ರಿಚರ್ಡ್ ಬಾಸ್ (1985). 8,000 ಮೀಟರ್ ಮೀರಿದ ಹದಿನಾಲ್ಕು ಶಿಖರಗಳನ್ನು ಮೊದಲು ಮುಗಿಸಿದವನು ರೈನ್‌ಹೋಲ್ಡ್ ಮೆಸ್ನರ್ (1986). ಅಮೆರಿಕದ ಆಡಿರಾಂಡಾಕ್ ಶ್ರೇಣಿಯ ಕಥೆ ಇವಕ್ಕಿಂತ ಸ್ವಾರಸ್ಯದ್ದು. ಅಲ್ಲಿ ಮಾರ್ಷಲ್ ಸಹೋದರರು ಮತ್ತು ಅವರ ಮಾರ್ಗದರ್ಶಿ ಹರ್ಬರ್ಟ್ ಕ್ಲಾರ್ಕ್ 1925ರ ಹೊತ್ತಿಗೆ 4,000 ಅಡಿಯ ನಲವತ್ತಾರು ಶಿಖರಗಳನ್ನು ಮುಗಿಸಿದ್ದರು. ಮುಂದಿನ ಅಳತೆಗಳಲ್ಲಿ ನಾಲ್ಕು ಶಿಖರಗಳಿಗೆ ಅಷ್ಟು ಎತ್ತರವೇ ಇಲ್ಲವೆಂದು ತಿಳಿಯಿತು. ಆದರೂ ಅಲ್ಲಿನವರು ಅವನ್ನು ಪಟ್ಟಿಯಿಂದ ತೆಗೆಯಲಿಲ್ಲ.

ಕನ್ನಡನಾಡಿನಲ್ಲಿ ಬೆಟ್ಟಗಳನ್ನು ಎಣಿಸಿದ್ದು ಮೊದಲಿಗೆ ಬಾಯಿಮಾತಿನಲ್ಲಿ. ಮಲೆ ಮಹದೇಶ್ವರ ಕಾವ್ಯವನ್ನು ಹಾಡುವ ದೇವರಗುಡ್ಡರು ಮಾದಪ್ಪನನ್ನು ಏಳುಮಲೆ, ಎಪ್ಪತ್ತೇಳು ಮಲೆಯ ಒಡೆಯನೆಂದು ಕರೆಯುತ್ತಾರೆ. ಆನುಮಲೆ, ಜೇನುಮಲೆ, ಕಾನುಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಹೆಸರುಗಳು ಸಾಲಾಗಿ ಬರುತ್ತವೆ. ಈ ಎಣಿಕೆಗೆ ಎತ್ತರ ಲೆಕ್ಕಕ್ಕಿಲ್ಲ. ಯಾವ ಮಲೆಯಲ್ಲಿ ಮಾದಪ್ಪ ಏನು ಮಾಡಿದ ಎಂಬುದೇ ಮುಖ್ಯ. ಚಂದ್ರದ್ರೋಣ ಪರ್ವತದಲ್ಲೂ ಹಾಗೆಯೇ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಮುಳ್ಳಯ್ಯನ ಗದ್ದುಗೆಯಿದೆ, ಸಮೀಪದ ಇನ್ನೊಂದು ಗಿರಿ ಸೀತಾಳಯ್ಯನದು, ಬಾಬಾಬುಡನ್‌ಗಿರಿ ದತ್ತಪೀಠಕ್ಕೂ ಬಾಬಾಬುಡನ್ ದರ್ಗಾಕ್ಕೂ ನೆಲೆ. ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟವನ್ನು ದೀಪಾವಳಿಯ ನರಕಚತುರ್ದಶಿಯಂದು ಸಾವಿರಾರು ಜನ ಬರಿಗಾಲಿನಲ್ಲಿ ಹತ್ತುತ್ತಾರೆ. ಎತ್ತರದಲ್ಲಿ ಅದು ನೆರೆಯ ಗಿರಿಗಳಿಗಿಂತ ಕಡಿಮೆ. ದಾರಿಯ ಕಷ್ಟಕ್ಕೆ ಅದನ್ನು ಹತ್ತುವ ಜನ ಹೇಳುವ ಲೆಕ್ಕವೇ ಬೇರೆ.

ಎರಡನೆಯ ಎಣಿಕೆ ಕೋಟೆಗಳದು. ಬೆಂಗಳೂರಿನ ಸುತ್ತ ಸಾವನದುರ್ಗ, ಹುಲಿಯೂರುದುರ್ಗ, ಹುತ್ರಿದುರ್ಗ, ಮಾಕಳಿದುರ್ಗ, ನಂದಿದುರ್ಗ, ಭೈರವದುರ್ಗ, ಕಬ್ಬಾಳದುರ್ಗ, ದೇವರಾಯನದುರ್ಗ, ಚನ್ನರಾಯನದುರ್ಗ ಎಂಬ ಒಂಬತ್ತನ್ನು ನವದುರ್ಗ ಎನ್ನುತ್ತಾರೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಅಕ್ಟೋಬರಿನಲ್ಲೂ ಸಾವನದುರ್ಗವನ್ನು ಡಿಸೆಂಬರಿನಲ್ಲೂ ಹಿಡಿಯಿತು. ಕಡಿದಾದ ಬಂಡೆಯೇ ತಮ್ಮನ್ನು ಕಾಯುತ್ತದೆಂದು ನಂಬಿದ್ದ ಕೋಟೆಗಳು ಅವು. ಇಂದು ಬೆಂಗಳೂರಿನ ಚಾರಣಿಗರು ಹೆಚ್ಚಾಗಿ ಪೂರೈಸುವ ಪಟ್ಟಿ ಈ ಒಂಬತ್ತರದೇ. ಇವು ಸಹ್ಯಾದ್ರಿಯವಲ್ಲ, ಬಯಲುಸೀಮೆಯ ಬಂಡೆಬೆಟ್ಟಗಳು. ಆದರೂ ಕರ್ನಾಟಕದಲ್ಲಿ ‘ಎಲ್ಲವನ್ನೂ ಹತ್ತಬೇಕು’ ಎಂಬ ಹಂಬಲಕ್ಕೆ ಇವುಗಳಷ್ಟು ಸುಲಭವಾಗಿ ಕೈಗೆಟುಕುವ ಗುಂಪು ಬೇರೆಯಿಲ್ಲ.

ಅಡಿ ಲೆಕ್ಕದ ಎತ್ತರ ಬಂದದ್ದು ಭೂಮಾಪನದಿಂದ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಒಂದು ಆಧಾರರೇಖೆ ಅಳೆದು ಮೈಸೂರು ಸೀಮೆಯ ತ್ರಿಕೋನಮಾಪನಕ್ಕೆ ಕೈಹಾಕಿದ. 1802ರಲ್ಲಿ ಮದರಾಸಿನಲ್ಲಿ ಮತ್ತೆ ರೇಖೆ ಅಳೆದ ಮೇಲೆ ಈ ಕೆಲಸ ಮಹಾ ತ್ರಿಕೋನಮಾಪನವಾಗಿ ಬೆಳೆಯಿತು. ಒಂದು ತ್ರಿಕೋನದ ಮೂರೂ ಮೂಲೆಗಳು ಒಂದಕ್ಕೊಂದು ಕಾಣಬೇಕು. ಆದ್ದರಿಂದ ಮಾಪಕರಿಗೆ ನೆತ್ತಿಗಳೇ ಬೇಕಾದವು. ಅರ್ಧ ಟನ್ ತೂಗುವ ಥಿಯೊಡೊಲೈಟನ್ನು ಹೆಗಲ ಮೇಲೆ ಹೊರಿಸಿ ಬೆಟ್ಟ ಏರಿಸುತ್ತಿದ್ದರು. ಹೊತ್ತವರ ಹೆಸರು ಯಾವ ಕೋಷ್ಟಕದಲ್ಲೂ ಇಲ್ಲ. ಪೂರ್ವ ಕರಾವಳಿಯಿಂದ ಮೈಸೂರು ಸೀಮೆಯನ್ನು ಹಾದು ಮಂಗಳೂರಿನ ಕಡಲವರೆಗೆ ಹೆಣೆದ ಈ ತ್ರಿಕೋನಗಳ ಸರಣಿ, 400 ಮೈಲಿ ಅಗಲವೆಂದು ಭಾವಿಸಿದ್ದ ಪರ್ಯಾಯದ್ವೀಪ ಅಲ್ಲಿ ಸುಮಾರು 360 ಮೈಲಿಯಷ್ಟೇ ಎಂದು ತೋರಿಸಿತು.

ಬ್ರಿಟಿಷ್ ಕಾಲದ ಗೆಜೆಟಿಯರುಗಳಲ್ಲಿ ಅಚ್ಚಾದ ಪಟ್ಟಿ ಸಿಗುತ್ತದೆ: ಮುಳ್ಳಯ್ಯನಗಿರಿ 6,317 ಅಡಿ, ಕುದುರೆಮುಖ 6,215, ಬಾಬಾಬುಡನ್‌ಗಿರಿ 6,214, ಕಲ್ಲತ್ತಿಗಿರಿ 6,155. ಎರಡನೆಯದಕ್ಕೂ ಮೂರನೆಯದಕ್ಕೂ ಒಂದೇ ಅಡಿ ವ್ಯತ್ಯಾಸ. ಈಗ ಬಳಕೆಯಲ್ಲಿರುವ ಮೀಟರ್ ಪಟ್ಟಿಗಳಲ್ಲಿ ಬಾಬಾಬುಡನ್‌ಗಿರಿ 1,895, ಕುದುರೆಮುಖ 1,894 ಎಂದು ಸ್ಥಾನ ಅದಲುಬದಲಾಗಿದೆ. ಮುಳ್ಳಯ್ಯನಗಿರಿಗೆ 1,925 ಮತ್ತು 1,930 ಎಂಬ ಎರಡು ಅಂಕಿಗಳು ಒಟ್ಟೊಟ್ಟಿಗೆ ಓಡಾಡುತ್ತವೆ. 6,317 ಅಡಿಯನ್ನು ಮೀಟರಿಗೆ ತಿರುಗಿಸಿದರೆ 1,925 ಬರುತ್ತದೆ. ಯಾವುದನ್ನು ಹಿಡಿದರೂ ಅದರ ಮೊದಲ ಸ್ಥಾನಕ್ಕೆ ಧಕ್ಕೆಯಿಲ್ಲ.

ಹೀಗಿದ್ದರೂ ಕರ್ನಾಟಕದ್ದು ಎನ್ನಬಹುದಾದ ಒಂದು ಪಟ್ಟಿ ಆಗ ಸಾಧ್ಯವಿರಲಿಲ್ಲ. ಮುಳ್ಳಯ್ಯನಗಿರಿ ಮೈಸೂರು ಸಂಸ್ಥಾನದ್ದು. ತಡಿಯಂಡಮೋಳ್ ಕೊಡಗು ಪ್ರಾಂತದ್ದು. ಕುದುರೆಮುಖದ ಒಂದು ಮಗ್ಗುಲು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಬೆಳಗಾವಿಯ ಗುಡ್ಡಗಳ ವಿವರ ಬೇಕಾದವರು 1884ರ ಮುಂಬಯಿ ಗೆಜೆಟಿಯರಿನ ಬೆಳಗಾವಿ ಸಂಪುಟ ತೆರೆಯಬೇಕಿತ್ತು. 1956ರ ಏಕೀಕರಣವಾದ ಮೇಲೆಯೇ ಈ ಶಿಖರಗಳು ಒಂದೇ ಸಾಲಿನಲ್ಲಿ ನಿಂತವು. ಕೊಡಗಿನ ಅತಿ ಎತ್ತರದ 1,748 ಮೀಟರ್‌ನ ತಡಿಯಂಡಮೋಳ್ ರಾಜ್ಯದ ಪಟ್ಟಿಯಲ್ಲಿ ಕಲ್ಲತ್ತಿಗಿರಿಯ ಕೆಳಗೆ ಇಳಿದದ್ದೂ ಆಗಲೇ. ರಾಜ್ಯದ ಶಿಖರಪಟ್ಟಿ ನಿಸರ್ಗದ ಕೊಡುಗೆಯಂತೆ ಕಂಡರೂ, ಅದನ್ನು ಕಟ್ಟಿದ್ದು ಆಡಳಿತದ ಗೆರೆ.

ಉತ್ತರದ ಅಂಚಿನಲ್ಲಿ ಈ ಪಟ್ಟಿಯೇ ಕೈಕೊಡುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ, ಮೂಡಲಗಿ ತಾಲ್ಲೂಕುಗಳು ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಇಳಿಯುವ ಘಟಪ್ರಭೆಯ ಕಣಿವೆಯವು. ಇಲ್ಲಿಗೆ ಬರುವಷ್ಟರಲ್ಲಿ ಘಟ್ಟ ತನ್ನ ಎತ್ತರ ಕಳೆದುಕೊಂಡು ಚಪ್ಪಟೆ ನೆತ್ತಿಯ ಮರಳುಗಲ್ಲಿನ ಗುಡ್ಡಗಳಾಗಿರುತ್ತದೆ. ಗೋಕಾಕದಲ್ಲಿ ನದಿ 52 ಮೀಟರ್ ಧುಮುಕುವುದು ಈ ಕಲ್ಲಿನ ಅಂಚಿನಿಂದಲೇ. ಮಾರ್ಕಂಡೇಯ ನದಿ ಗೊಡಚಿನಮಲ್ಕಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದೂ ಇಂಥದೇ ಕಲ್ಲಿನ ಮೇಲೆ. ಬಾದಾಮಿಯ ಬಂಡೆಗಳ ಜೊತೆ ಒಂದೇ ಕಲಾದಗಿ ಶಿಲಾಸಮೂಹಕ್ಕೆ ಇವನ್ನು ಭೂವಿಜ್ಞಾನಿಗಳು ಸೇರಿಸುತ್ತಾರೆ. ಬಾದಾಮಿ ಹಗ್ಗ ಕಟ್ಟಿ ಹತ್ತುವವರ ದೊಡ್ಡ ನೆಲೆಯಾಗಿ ಹೆಸರಾಯಿತು. ಗೋಕಾಕದ ಬಂಡೆಗಳಿಗೆ ಆ ಭಾಗ್ಯ ಬರಲಿಲ್ಲ. ಇಲ್ಲಿಗೆ ಬರುವವರು ನೋಡುವುದು ಮೇಲಕ್ಕಲ್ಲ, ನೀರು ಬೀಳುವ ಕೆಳಗಡೆಗೆ. ಮೂಡಲಗಿಯ ಬಹುಪಾಲು ಎರೆಮಣ್ಣಿನ ಬಯಲು.

ಈ ಸೀಮೆಯಲ್ಲಿ ಗುಡ್ಡ ಹತ್ತುವುದಕ್ಕೆ ಎರಡು ದಾರಿಗಳಿವೆ. ಒಂದು ಭಕ್ತಿಯದು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ರೂಢಿ ಇಂದು ಟ್ರ್ಯಾಕ್ಟರು, ಟೆಂಪೊಗಳಲ್ಲಿ ಮುಂದುವರಿದಿದೆ. ಎರಡನೆಯದು ಕೋಟೆ ಸುತ್ತುವ ಹವ್ಯಾಸ. ಮಹಾರಾಷ್ಟ್ರದಲ್ಲಿ ಬಲವಾಗಿ ಬೇರೂರಿದ ಇದು ಗಡಿಯ ಈಚೆಗೂ ಹರಡಿದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹತ್ತಿರ ಹರಗಾಪುರದ ವಲ್ಲಭಗಡ, ಬೆಳಗಾವಿಯ ಬಳಿ ಯಳ್ಳೂರಿನ ರಾಜಹಂಸಗಡ, ಗಡಿಯಾಚೆ ಗಡಹಿಂಗ್ಲಜ ಕಡೆಯ ಸಾಮಾನಗಡ, ಚಂದಗಡ ಕಡೆಯ ಪಾರಗಡ ಮತ್ತು ಕಲಾನಿಧಿಗಡ ಒಂದೇ ಸುತ್ತಿನಲ್ಲಿ ಬರುತ್ತವೆ. ಇವುಗಳಲ್ಲಿ ಯಾವುದೂ ರಾಜ್ಯದ ಎತ್ತರದ ಪಟ್ಟಿಗೆ ಸೇರದು. ಆದರೆ ಈ ಸುತ್ತಿಗೆ ರಾಜ್ಯದ ಗಡಿ ಅಡ್ಡಬಂದದ್ದಿಲ್ಲ.

ಎತ್ತರದ ಶಿಖರಗಳಿಗೆ ಚಾರಣಿಗರು ಹೆಚ್ಚಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಕಾಲೇಜುಗಳ ಸಾಹಸ ಸಂಘಗಳು, ಯೂತ್ ಹಾಸ್ಟೆಲ್ ಘಟಕಗಳು, ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ಇದಕ್ಕೆ ನೆರವಾದವು. ಆದರೆ ಎಲ್ಲ ಶಿಖರಗಳ ಕಷ್ಟ ಒಂದೇ ತೆರನಲ್ಲ. ಮುಳ್ಳಯ್ಯನಗಿರಿಗೆ ನೆತ್ತಿಯ ಸಮೀಪದವರೆಗೂ ರಸ್ತೆಯಿದ್ದು, ಉಳಿದದ್ದು ಮೆಟ್ಟಿಲುಗಳು. ಹೀಗಾಗಿ ರಾಜ್ಯದ ಅತಿ ಎತ್ತರದ ಶಿಖರವೇ ಅತಿ ಸುಲಭದ್ದೂ ಆಗಿದೆ. ತಡಿಯಂಡಮೋಳ್‌ಗೆ ಕಕ್ಕಬ್ಬೆಯ ಹತ್ತಿರ, ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಕಡೆಯಿಂದ ಹೊರಟವರು ಅದೇ ದಿನ ಮರಳಬಹುದು. ಎತ್ತರದಲ್ಲಿ ಇವೆರಡಕ್ಕಿಂತಲೂ ಕೆಳಗಿರುವ 1,712 ಮೀಟರ್‌ನ ಕುಮಾರಪರ್ವತವೇ ಕಾಲಿಗೆ ಕಠಿಣ. ಚಾರಣ ಹೊರಡುವ ಕುಕ್ಕೆ ಸುಬ್ರಹ್ಮಣ್ಯ ಹೆಚ್ಚುಕಡಿಮೆ ಘಟ್ಟದ ಬುಡದಲ್ಲಿರುವುದರಿಂದ ಎತ್ತರದ ಬಹುಭಾಗವನ್ನು ನಡೆದೇ ಏರಬೇಕು. ಗಿರಿಗದ್ದೆ ದಾಟಿ ಶೇಷಪರ್ವತದ ಬೋಳು ಏರು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಸೋಮವಾರಪೇಟೆ ಕಡೆಯಿಂದ ಹತ್ತಿದರೆ ದಾರಿ ಗಿಡ್ಡ. ಸಮುದ್ರಮಟ್ಟದಿಂದ ಎಷ್ಟು ಮೇಲೆ ಎಂಬುದಕ್ಕಿಂತ ಬುಡದಿಂದ ಎಷ್ಟು ಮೇಲೆ ಎಂದು ಪಟ್ಟಿ ಮಾಡಿದ್ದರೆ ಕುಮಾರಪರ್ವತದ ಸ್ಥಾನ ಬಹಳ ಮೇಲೇರುತ್ತಿತ್ತು.

ಹತ್ತುವ ಕಾಲ ಮಳೆ ನಿಂತ ಮೇಲಿನ ತಿಂಗಳುಗಳದು. ಮಳೆಗಾಲದಲ್ಲಿ ಇಂಬಳ, ಜಾರುವ ಬಂಡೆ, ಮಂಜು. ಬೇಸಗೆಯಲ್ಲಿ ಒಣಗಿದ ಹುಲ್ಲುಗಾವಲಿಗೆ ಬೆಂಕಿ ಬೀಳುವ ಭಯದಿಂದ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುತ್ತದೆ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪಕ್ಕದಲ್ಲೇ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಸರ್ಕಾರ ಚಾರಣಗಳನ್ನು ತಾತ್ಕಾಲಿಕವಾಗಿ ತಡೆದು, ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸುವ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ವ್ಯವಸ್ಥೆ ತಂದಿತು.

ಪಟ್ಟಿಯ ಕುರಿತ ತಕರಾರುಗಳು ಉಳಿದೇ ಇವೆ. ಮುಳ್ಳಯ್ಯನಗಿರಿಯೂ ಬಾಬಾಬುಡನ್‌ಗಿರಿಯೂ ಕುದುರೆಲಾಳದಂತೆ ಬಾಗಿದ ಒಂದೇ ಶ್ರೇಣಿಯ ಮೇಲಿವೆ. ಎರಡರ ನಡುವೆ ಎಷ್ಟು ಆಳದ ತಗ್ಗಿದ್ದರೆ ಅವನ್ನು ಬೇರೆ ಬೇರೆ ಶಿಖರವೆನ್ನಬೇಕು ಎಂಬುದಕ್ಕೆ ಇಲ್ಲಿ ಒಪ್ಪಿತ ನಿಯಮವಿಲ್ಲ. ಬಿಳಿಗಿರಿರಂಗನ ಬೆಟ್ಟಸಾಲಿನ ಕಟ್ಟಾರಿಬೆಟ್ಟ ಸುಮಾರು 1,800 ಮೀಟರ್ ಎತ್ತರದ್ದು. ಆ ಸಾಲು ಪೂರ್ವ ಮತ್ತು ಪಶ್ಚಿಮ ಘಟ್ಟಗಳು ಕೂಡುವಲ್ಲಿರುವುದರಿಂದ ಕೆಲವರು ಅದನ್ನು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಸೇರಿಸಿದರೆ ತಡಿಯಂಡಮೋಳ್ ಒಂದು ಸ್ಥಾನ ಕೆಳಗಿಳಿಯುತ್ತದೆ. ಆದರೆ 2011ರಿಂದ ಆ ಪ್ರದೇಶ ಹುಲಿ ಸಂರಕ್ಷಿತ ಅರಣ್ಯವಾಗಿದ್ದು, ಕಟ್ಟಾರಿಯನ್ನು ಒಳಗೊಂಡ ಪಟ್ಟಿಯನ್ನು ತನ್ನಿಷ್ಟಕ್ಕೆ ಹೊರಟ ಚಾರಣಿಗ ಕಾನೂನು ಮೀರದೆ ಪೂರೈಸಲಾಗದು.